ಕೊಳೆರೋಗ ಮತ್ತು ವಿಜ್ಞಾನದ ದಾರಿ

(ಮಳೆಗಾಲಕ್ಕೆ ಮುನ್ನ ನಡೆದ ಬೆಳೆಗಾರರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ವೈಜ್ಞಾನಿಕ’ ಎಂಬ ವಿಶೇಷಣವು ಇಂದು ಬಹಳ ಅಗ್ಗವಾಗಿದೆ. ಕೀಟನಾಶಕದ ಡಬ್ಬಿಯ ಮೇಲೂ ಆ ಪದವಿದೆ, ಆ ಡಬ್ಬಿಯನ್ನು ವಿರೋಧಿಸುವ ಕರಪತ್ರದಲ್ಲಿಯೂ ಇದೆ. ಹಳದಿ ಎಲೆ ರೋಗಕ್ಕೆ ಮದ್ದು ಮಾರಲು ಬೈಕಿನಲ್ಲಿ ಬರುವ ಯುವಕನ ಬಾಯಲ್ಲಿಯೂ ಅದೇ ಮಾತು. ಹೀಗೆ ಎಲ್ಲರಿಗೂ ಒದಗುವ ಪದವು ಯಾರಿಗೂ ಉಪಯೋಗಕ್ಕೆ ಬಾರದಂತಾಗುತ್ತದೆ. ಆದ್ದರಿಂದ ಪದವನ್ನು ಬದಿಗಿರಿಸಿ, ಒಂದು ರೋಗದ ಕಾರಣವನ್ನು ಜನ ಹೇಗೆ ಹುಡುಕಿದರು ಎಂಬುದನ್ನು ನೋಡುವುದು ಲೇಸು. ಆ ರೋಗವು ಈ ಸಭೆಯಲ್ಲಿರುವ ಎಲ್ಲರಿಗೂ ಪರಿಚಿತವೇ. ಘಟ್ಟದ ಮೇಲೆ ಅದನ್ನು ಕೊಳೆರೋಗ ಎನ್ನುತ್ತಾರೆ. ಘಟ್ಟದ ಕೆಳಗೆ ಮಹಾಳಿ ಎನ್ನುತ್ತಾರೆ.

ಆಷಾಢದ ಮಳೆ ಹಿಡಿದು ನಾಲ್ಕಾರು ದಿನ ಬಿಡದೆ ಸುರಿದ ಮೇಲೆ ಅಡಿಕೆಯ ಎಳೆಗಾಯಿಯ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಮಚ್ಚೆ ಮೂಡುತ್ತದೆ. ಮಚ್ಚೆ ಹರಡುತ್ತದೆ, ಕಾಯಿ ಹೊಳಪು ಕಳೆದುಕೊಂಡು ಉದುರುತ್ತದೆ, ಉದುರಿದ ಕಾಯಿಯ ಮೇಲೆ ಬಿಳಿಯ ಬೂಸಲು ಬೆಳೆಯುತ್ತದೆ. ಇಷ್ಟನ್ನು ತಿಳಿಯಲು ಸೂಕ್ಷ್ಮದರ್ಶಕ ಬೇಕಾಗಿಲ್ಲ. ಶತಮಾನಗಳಿಂದ ತೋಟಿಗರು ಇದನ್ನು ಬಲ್ಲರು. ಮಳೆಗೂ ಕೊಳೆಗೂ ನಂಟಿದೆ ಎಂಬುದನ್ನೂ ಬಲ್ಲರು. ಬಲ್ಲುದರಿಂದಲೇ ಅವರು ಕೊಟ್ಟೆ ಕಟ್ಟುತ್ತಿದ್ದರು. ಕರಡದಿಂದಲೋ ಹಾಳೆಯಿಂದಲೋ ಟೊಪ್ಪಿಗೆಯಂತಹ ಹೊದಿಕೆಯನ್ನು ಮಾಡಿ, ಮಳೆಗಾಲದ ಮುನ್ನ ಮರವೇರಿ, ಪ್ರತಿಯೊಂದು ಕೊನೆಯ ಮೇಲೂ ಕಟ್ಟಿ ಇಳಿಯುತ್ತಿದ್ದರು. ಕೊಟ್ಟೆಯೊಳಗಿನ ಕಾಯಿ ಉಳಿಯುತ್ತಿತ್ತು. ಕರಡದ ಬದಲು ಪ್ಲಾಸ್ಟಿಕ್ ಬಂದರೂ ಕೆಲವು ಸೀಮೆಗಳಲ್ಲಿ ಈ ಪದ್ಧತಿ ಪೂರ್ತಿ ನಿಂತಿಲ್ಲ.

ಇಲ್ಲಿ ವೀಕ್ಷಣೆಯಿದೆ, ಅದರಿಂದ ಹೊರಟ ಊಹೆಯಿದೆ, ಊಹೆಯನ್ನು ಬಳಕೆಗೆ ತಂದ ಪ್ರಯೋಗವೂ ಇದೆ. ಅಕ್ಷರ ಬಲ್ಲವರು ಅನಕ್ಷರಸ್ಥ ಕೃಷಿಕನಿಗೆ ವಿಜ್ಞಾನವನ್ನು ಕಲಿಸಿಕೊಟ್ಟರು ಎಂಬ ಮಾತು ಈ ಕಾರಣದಿಂದಲೇ ಪೊಳ್ಳು. ಆದರೆ ಕೊಟ್ಟೆ ಉತ್ತರಿಸದ ಪ್ರಶ್ನೆಯೊಂದು ಉಳಿದಿತ್ತು. ಕಾಯಿಯನ್ನು ಕೊಳೆಸುವುದು ಮಳೆಯ ತಣ್ಣನೆಯ ನೀರೋ, ಅಥವಾ ಆ ನೀರಿನಲ್ಲಿ ಬರುವ ಇನ್ನೊಂದು ಏನೋ? ಎರಡು ಊಹೆಗಳೂ ಒಂದೇ ಫಲವನ್ನು ಮುನ್ನುಡಿಯುತ್ತವೆ: ಕೊನೆಗೆ ಕೊಟ್ಟೆ ಕಟ್ಟಿದರೆ ಕಾಯಿ ಉಳಿಯಬೇಕು. ಕಾಯಿ ಉಳಿಯಿತು. ಹಾಗಾದರೆ ಗೆದ್ದ ಊಹೆ ಯಾವುದು? ಯಾವುದೂ ಅಲ್ಲ. ನೂರು ವರ್ಷ ಕೊಟ್ಟೆ ಕಟ್ಟಿ ನೂರು ವರ್ಷ ಫಲ ಕಂಡರೂ ಈ ಪ್ರಶ್ನೆ ಇತ್ಯರ್ಥವಾಗುವುದಿಲ್ಲ. ‘ಅನುಭವದಿಂದ ಸಿದ್ಧವಾಗಿದೆ’ ಎಂಬ ಮಾತಿನ ಮಿತಿ ಇಲ್ಲಿಯೇ ಇದೆ. ಅನುಭವವು ಸುಳ್ಳಾಡುವುದಿಲ್ಲ, ಆದರೆ ಕೇಳದ ಪ್ರಶ್ನೆಗೆ ಉತ್ತರವನ್ನೂ ಕೊಡುವುದಿಲ್ಲ.

ಇದೇ ಪ್ರಶ್ನೆ ಬಹಳ ದೂರದ ದೇಶದಲ್ಲಿ, ಇದಕ್ಕಿಂತ ಬಹಳ ಕ್ರೂರವಾದ ರೀತಿಯಲ್ಲಿ ಎದ್ದಿತ್ತು. 1845ರಲ್ಲಿ ಯುರೋಪಿನ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ಬಿದ್ದಿತು. ಆಲೂಗಡ್ಡೆಯನ್ನೇ ನಂಬಿದ್ದ ಐರ್ಲೆಂಡಿನ ಬಡವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಮಂದಿ ಹಸಿವೆಯಿಂದಲೂ ಜ್ವರಗಳಿಂದಲೂ ಸತ್ತರು. ಅದಕ್ಕೂ ಹೆಚ್ಚು ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಕಾರಣವೇನು? ಲಂಡನ್ನಿನ ಖ್ಯಾತ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅವರ ಅಭಿಪ್ರಾಯದಲ್ಲಿ ಆ ವರ್ಷದ ಬಿಡದ ಮಳೆ ಮತ್ತು ಚಳಿ. ಗಿಡ ಹೀರಿದ ನೀರನ್ನು ಹೊರಹಾಕಲಾರದೆ ಕೊಳೆಯಿತು; ಎಲೆಯ ಮೇಲೆ ಕಾಣುವ ಬೂಸಲು ಕೊಳೆತದ್ದರ ಮೇಲೆ ಬಂದು ಕೂತದ್ದು. ಸತ್ತ ಮರದ ಮೇಲೆ ಅಣಬೆ ಏಳುತ್ತದೆ, ಅಣಬೆಯಿಂದ ಮರ ಸಾಯಲಿಲ್ಲ ಎಂಬಂತೆ. ಈ ವಾದ ಮೂರ್ಖತನದ್ದಲ್ಲ. ಮೈಲ್ಸ್ ಬರ್ಕ್ಲಿ ಎಂಬ ಪಾದ್ರಿ, ಶಿಲೀಂಧ್ರಗಳನ್ನು ಬಹಳ ಕಾಲ ಅಭ್ಯಸಿಸಿದ್ದವರು, 1846ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಬರೆದರು: ಬೂಸಲೇ ಕಾರಣ, ಕೊಳೆತ ಅದರ ಪರಿಣಾಮ. ಬರ್ಕ್ಲಿ ಹೇಳಿದ್ದು ನಿಜವಾಗಿತ್ತು. ಆದರೆ ನಿಜವನ್ನು ಹೇಳುವುದೂ ಅದನ್ನು ಸಾಧಿಸಿ ತೋರಿಸುವುದೂ ಬೇರೆ ಬೇರೆ. ಇಬ್ಬರೂ ಅದೇ ಎಲೆಯನ್ನು, ಅದೇ ಬೂಸಲನ್ನು ನೋಡುತ್ತಿದ್ದರು. ನೋಡಿದ್ದನ್ನೇ ಮತ್ತೆ ಮತ್ತೆ ನೋಡುವುದರಿಂದ ಅವರ ಜಗಳ ತೀರುವಂತಿರಲಿಲ್ಲ.

ತೀರಿಸಿದವರು ಜರ್ಮನಿಯ ಆಂಟನ್ ಡಿ ಬಾರಿ, 1861ರಲ್ಲಿ. ಅವರು ಮಾಡಿದ ಕೆಲಸ ಎಷ್ಟು ಸರಳವೆಂದರೆ ಹೈಸ್ಕೂಲಿನ ಮಕ್ಕಳೂ ಅದನ್ನು ಅರಿಯಬಲ್ಲರು. ಆರೋಗ್ಯವಂತ ಆಲೂಗಡ್ಡೆ ಗಿಡಗಳನ್ನು ತೆಗೆದುಕೊಂಡರು. ಕೆಲವಕ್ಕೆ ಬೂಸಲಿನ ಬೀಜಕಣಗಳನ್ನು ಹಚ್ಚಿದರು, ಕೆಲವಕ್ಕೆ ಹಚ್ಚಲಿಲ್ಲ. ಎರಡನ್ನೂ ಒಂದೇ ರೀತಿಯ ತಂಪಿನಲ್ಲಿ, ಒಂದೇ ರೀತಿಯ ತೇವದಲ್ಲಿ ಇರಿಸಿದರು. ಬೀಜಕಣ ಹಚ್ಚಿದ ಗಿಡಗಳು ಕೊಳೆತವು; ಉಳಿದವು ಅಷ್ಟೇ ತೇವದಲ್ಲಿದ್ದರೂ ಹಸಿರಾಗಿ ಉಳಿದವು. ಲಿಂಡ್ಲಿಯವರ ಊಹೆ ಸರಿಯಾಗಿದ್ದಿದ್ದರೆ ಎರಡೂ ಗುಂಪು ಕೊಳೆಯಬೇಕಾಗಿತ್ತು. ಒಂದು ಊಹೆ ‘ಹೌದು’ ಎನ್ನುವಲ್ಲಿ ಇನ್ನೊಂದು ‘ಇಲ್ಲ’ ಎನ್ನಬೇಕಾದ ಸ್ಥಳವನ್ನು ಹುಡುಕಿ, ಅಲ್ಲಿಗೆ ಹೋಗಿ ಪ್ರಕೃತಿಯನ್ನು ಕೇಳಿದ್ದು ಡಿ ಬಾರಿಯವರ ಹೆಚ್ಚುಗಾರಿಕೆ. ಬೀಜಕಣ ಹಚ್ಚದ ಆ ಬಡಪಾಯಿ ಗಿಡಗಳೇ ಪ್ರಯೋಗದ ಅರ್ಧಪಾಲು. ಅವಕ್ಕೆ ವಿಜ್ಞಾನದಲ್ಲಿ ‘ನಿಯಂತ್ರಣ ಗುಂಪು’ ಎಂಬ ಒಣ ಹೆಸರಿದೆ. ‘ಹೋಲಿಕೆಯ ಗುಂಪು’ ಎಂದರೆ ಹೆಚ್ಚು ಸಲೀಸು. 1876ರಲ್ಲಿ ಡಿ ಬಾರಿ ಆ ಜೀವಿಗೆ ಫೈಟಾಫ್ತೊರಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಸಸ್ಯನಾಶಕ ಎಂದರ್ಥ.

ಅದೇ ಕುಲದ ಇನ್ನೊಂದು ಜೀವಿ ಮಲೆನಾಡಿನ ಅಡಿಕೆಯ ಕೊನೆಯಲ್ಲಿತ್ತು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೃಷಿ ಸೇವೆಗೆ ಬಂದರು. ಕೊಳೆರೋಗವನ್ನು ಕುರಿತ ಅವರ ವರದಿ 1910ರಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ರೋಗಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ, ‘ಕೊಳೆರೋಗ’ ಎಂದೇ ಇತ್ತು. (ಕಾಫಿಯ ಕೊಳೆರೋಗದ ಶಿಲೀಂಧ್ರಕ್ಕಂತೂ 1876ರಲ್ಲಿಯೇ ಲ್ಯಾಟಿನ್ ಹೆಸರಿನೊಳಗೆ ಕನ್ನಡದ ಈ ಪದವನ್ನು ಸೇರಿಸಲಾಗಿತ್ತು. ತೋಟದ ಕೂಲಿಯಾಳುಗಳ ಮಾತೊಂದು ವಿದ್ವಾಂಸರ ಲ್ಯಾಟಿನ್ನಿಗೆ ಹತ್ತಿದ ಅಪರೂಪದ ಉದಾಹರಣೆಯಿದು.) ಅಡಿಕೆಯ ಕೊಳೆಗೆ ಕಾರಣ ಫೈಟಾಫ್ತೊರಾ ಎಂದು ಕೋಲ್ಮನ್ ಗುರುತಿಸಿದರು, ಅದನ್ನು ತಡೆಯಲು ಬೋರ್ಡೋ ದ್ರಾವಣವನ್ನು ಸೂಚಿಸಿದರು.

ಈ ಜೀವಿಯ ನಡೆ ತಿಳಿದ ಮೇಲೆ ತೋಟಿಗರ ಹಳೆಯ ಮಾತು ಸುಳ್ಳಾಗಲಿಲ್ಲ, ಅರ್ಥವಾಯಿತು. ಅದರ ಬೀಜಕಣಗಳು ನೀರಿನಲ್ಲಿ ಬಾಲವುಳ್ಳ ಸೂಕ್ಷ್ಮ ಕಣಗಳನ್ನು ಬಿಡುತ್ತವೆ. ಅವು ಕಾಯಿಯ ಮೇಲಿನ ನೀರಿನ ತೆಳುಪರೆಯಲ್ಲಿ ಈಜಿ ಒಳಹೊಗುತ್ತವೆ; ಮಳೆಹನಿಯ ಸಿಡಿತದಿಂದಲೂ ಗಾಳಿಯಿಂದಲೂ ಕೊನೆಯಿಂದ ಕೊನೆಗೆ ದಾಟುತ್ತವೆ. ಮಳೆಯಿಲ್ಲದೆ ಕೊಳೆಯಿಲ್ಲ ಎಂಬುದು ಸರಿ. ಮಳೆಯೊಂದೇ ಸಾಲದು ಎಂಬುದು ಹೊಸತು. ಈ ಹೊಸತರಿಂದ ಕೊಟ್ಟೆ ಎಂದೂ ತೋರಿಸಲಾರದ ದಾರಿಯೊಂದು ತೆರೆಯಿತು: ಕಾಯಿ ನೆನೆಯಲಿ, ಅದರ ಮೈಮೇಲೆ ಆ ಜೀವಿ ಮೊಳೆಯದಂತೆ ಮಾಡಿದರೆ ಸಾಕು.

ಬೋರ್ಡೋ ದ್ರಾವಣದ ಹುಟ್ಟಿನ ಕಥೆ ಹಲವರು ಕೇಳಿದ್ದೇ. ಫ್ರಾನ್ಸಿನ ಬೋರ್ಡೋ ಬಳಿಯ ದ್ರಾಕ್ಷಿತೋಟಗಳಲ್ಲಿ ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. 1882ರಲ್ಲಿ ಪಿಯರ್ ಮಿಲಾರ್ಡೆ ಅವರು ನೋಡಿದಾಗ, ಒಳಗಿನ ಬಳ್ಳಿಗಳ ಎಲೆ ಬೂಜುರೋಗದಿಂದ ಉದುರಿತ್ತು, ರಸ್ತೆಬದಿಯವು ಹಸಿರಾಗಿದ್ದವು. ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, ಆಕಸ್ಮಿಕದ ಮಹಿಮೆ ಎಂದು ಚಪ್ಪಾಳೆ ತಟ್ಟಲಾಗುತ್ತದೆ. ನಿಜವಾದ ಕೆಲಸ ಆಮೇಲಿನದು. ರಸ್ತೆಬದಿಯ ಬಳ್ಳಿಗೆ ಗಾಳಿ ಬೆಳಕು ಹೆಚ್ಚು. ಅದರಿಂದಲೇ ಅದು ಉಳಿದಿರಬಹುದಲ್ಲವೆ? ಮಿಲಾರ್ಡೆ ತಾವೇ ಸಿಂಪಡಿಸಿ, ಸಿಂಪಡಿಸದ ಬಳ್ಳಿಗಳೊಡನೆ ಹೋಲಿಸಿ ನೋಡಿ, 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಬೋರ್ಡೋ ಸಿಂಪಡಿಸಿದ ಅಡಿಕೆಯ ಕೊನೆಯೂ ಮಳೆಗೆ ಮೊದಲಿನಂತೆಯೇ ನೆನೆಯುತ್ತದೆ. ಚಳಿನೀರೇ ಕಾರಣವಾಗಿದ್ದಿದ್ದರೆ ತಾಮ್ರ ಏನೂ ಮಾಡಬಾರದಿತ್ತು. ಆದರೂ ಹಟಮಾರಿಯೊಬ್ಬ ‘ತಾಮ್ರವು ಕಾಯಿಯ ಸಿಪ್ಪೆಯನ್ನೇ ಗಟ್ಟಿ ಮಾಡಿರಬಹುದು’ ಎನ್ನಬಹುದು. ಅನ್ನಲಿ, ಅದೂ ಪರೀಕ್ಷಿಸತಕ್ಕ ಮಾತೇ. ಒಂದು ಸಾಕ್ಷ್ಯದಿಂದ ವಿಜ್ಞಾನ ನಿಲ್ಲುವುದಿಲ್ಲ. ರೋಗದ ಕಾಯಿಯಿಂದ ಜೀವಿಯನ್ನು ಬೇರ್ಪಡಿಸಿ ಬೆಳೆಸಿ, ಶುದ್ಧವಾದ ಆ ಬೆಳೆಯನ್ನು ಒಳ್ಳೆಯ ಕಾಯಿಗೆ ಹಚ್ಚಿ, ಅದೇ ರೋಗ ಬರಿಸಿ, ಅದರಿಂದ ಅದೇ ಜೀವಿಯನ್ನು ಮತ್ತೆ ತೆಗೆದು ತೋರಿಸಬೇಕು. ರಾಬರ್ಟ್ ಕಾಕ್ ಅವರ ಹೆಸರಿನಲ್ಲಿ ನಿಂತಿರುವ ಈ ಕಟ್ಟಳೆಯನ್ನು ಪೂರೈಸಿದ ಮೇಲೆಯೇ ಹಗ್ಗದ ಎಳೆಗಳು ಹೊಸೆದುಕೊಳ್ಳುತ್ತವೆ.

ಇಷ್ಟಾದರೂ ಮಾತು ಮುಗಿಯಲಿಲ್ಲ ಎಂಬುದೇ ಸ್ವಾರಸ್ಯ. ಅಡಿಕೆಯ ಆ ಜೀವಿಗೆ ಕೋಲ್ಮನ್ ಇಟ್ಟ ಹೆಸರು ಬದಲಾಗಿ ಫೈಟಾಫ್ತೊರಾ ಅರೆಕೆ ಎಂದಾಯಿತು. ಇತ್ತೀಚಿನ ಡಿಎನ್‌ಎ ಆಧಾರಿತ ಅಧ್ಯಯನಗಳು ಕರ್ನಾಟಕದ ತೋಟಗಳಲ್ಲಿ ಮುಖ್ಯವಾಗಿ ಇರುವುದು ಫೈಟಾಫ್ತೊರಾ ಮೀಡಿಯೈ ಎಂಬ ಪ್ರಭೇದವೆಂದು ತೋರಿಸಿವೆ. ಇಡೀ ಫೈಟಾಫ್ತೊರಾ ಕುಲವನ್ನೇ ನಿಜವಾದ ಶಿಲೀಂಧ್ರಗಳ ಪಂಗಡದಿಂದ ಹೊರಗಿರಿಸಿ, ಕಂದು ಪಾಚಿಗಳ ದೂರದ ಬಂಧುವೆಂದು ಎಣಿಸಲಾಗಿದೆ. ‘ವಿಜ್ಞಾನಿಗಳು ದಿನಕ್ಕೊಂದು ಮಾತಾಡುತ್ತಾರೆ’ ಎಂದು ಇದನ್ನು ಕೇಳಿ ನಗುವವರಿದ್ದಾರೆ. ಬದಲಾದದ್ದು ಯಾವುದು, ಬದಲಾಗದ್ದು ಯಾವುದು ಎಂಬುದನ್ನು ಅವರು ನೋಡಬೇಕು. ಹೆಸರು ಹೋಯಿತು, ವಂಶಾವಳಿ ಹೋಯಿತು. ನೀರಿನಲ್ಲಿ ಈಜಿ ಬರುವ ಜೀವಿಯಿಂದ ಕೊಳೆ ಬರುತ್ತದೆಂಬುದು ಉಳಿಯಿತು. ಜೇಷ್ಠದಲ್ಲಿ ಮಳೆಗೆ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಎಂಬ ಸಿಂಪಡಣೆಯ ಲೆಕ್ಕವೂ ಉಳಿಯಿತು.

ಇನ್ನು ಸ್ವಂತ ತೋಟದ ಮಾತು. ‘ಹೋದ ವರ್ಷ ಕೊಳೆ ವಿಪರೀತ, ಈ ವರ್ಷ ಇಂಥ ಕಷಾಯ ಹೊಡೆದೆವು, ಕೊಳೆಯೇ ಇಲ್ಲ’ ಎಂಬ ವರದಿ ಪ್ರತಿ ಸಭೆಯಲ್ಲಿಯೂ ಕೇಳಿಬರುತ್ತದೆ. ಹೇಳುವವರು ಪ್ರಾಮಾಣಿಕರು. ಆದರೆ ಹೊಸ ಮದ್ದನ್ನು ಜನ ಹುಡುಕುವುದು ಯಾವಾಗ? ಕೊಳೆ ವಿಪರೀತವಾದ ವರ್ಷದ ಬೆನ್ನಿಗೆ. ವಿಪರೀತ ವರ್ಷದ ಮರುವರ್ಷ, ಏನೂ ಹೊಡೆಯದಿದ್ದರೂ, ಬಹುತೇಕ ಅಷ್ಟು ವಿಪರೀತವಾಗಿರುವುದಿಲ್ಲ. ಮಳೆಯು ಆಗುಂಬೆಯಲ್ಲಿ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಎಂದು ಪುಸ್ತಕ ಹೇಳುತ್ತದೆ. ಆದರೆ ಅದು ಯಾವ ತಿಂಗಳಲ್ಲಿ ಎಷ್ಟು ಬಿಡುವು ಕೊಟ್ಟು ಸುರಿಯಿತೆಂಬುದರ ಮೇಲೆ ಕೊಳೆಯ ಹಣೆಬರಹ ನಿಂತಿದೆ. ಹೀಗೆ ತಾನಾಗಿ ಇಳಿದದ್ದರ ಕೀರ್ತಿಯನ್ನು ಕಷಾಯ ಪಡೆಯುತ್ತದೆ. ಕಂಪನಿಯ ಔಷಧಿಯೂ ಇದೇ ದಾರಿಯಲ್ಲಿ ಪಡೆಯುತ್ತದೆ. ಹಳದಿ ಎಲೆ ರೋಗದಲ್ಲಂತೂ, ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯತ್ತ ಸಾಕ್ಷ್ಯಗಳು ಬೊಟ್ಟು ಮಾಡಿದ್ದರೂ ಗುಣಪಡಿಸುವ ಮದ್ದು ದೊರೆತಿಲ್ಲದ ಕಾರಣ, ಈ ವ್ಯಾಪಾರ ಸೊಗಸಾಗಿ ನಡೆದಿದೆ.

ಹೋದ ವರ್ಷಕ್ಕೆ ಈ ವರ್ಷವನ್ನು ಹೋಲಿಸದೆ, ಇದೇ ವರ್ಷ ಇದೇ ತೋಟದ ಹೊಡೆದ ಮರಗಳನ್ನು ಹೊಡೆಯದ ಮರಗಳಿಗೆ ಹೋಲಿಸಬೇಕು. ಅಲ್ಲಿಯೂ ಒಂದು ಬಲೆಯಿದೆ. ಮಲೆನಾಡಿನ ತೋಟ ಕಣಿವೆಯಲ್ಲಿರುತ್ತದೆ. ಹಳ್ಳದ ಬದಿಯ ಮರಗಳಲ್ಲಿ ತಂಪು ಹೆಚ್ಚು, ಬಿಸಿಲು ಕಡಿಮೆ, ಕೊಳೆ ಮೊದಲು ಅಲ್ಲಿಗೆ. ಅಕ್ಕರೆಯ ಮದ್ದನ್ನು ಮೇಲಿನ ಬಣ್ಣಕ್ಕೂ ಬೋರ್ಡೋವನ್ನು ಹಳ್ಳದ ಬದಿಗೂ ಕೊಟ್ಟರೆ ಗೆಲ್ಲುವುದು ಬಿಸಿಲು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1919ರಿಂದ ಕೆಲಸ ಮಾಡಿದ ರೊನಾಲ್ಡ್ ಫಿಶರ್ ಅವರು ಇದಕ್ಕೆ ಕಂಡುಕೊಂಡ ಪರಿಹಾರ ಚೀಟಿ ಎತ್ತುವುದು. ಮೇಲಿನ ಬಣ್ಣ, ನಡುವಿನದು, ಹಳ್ಳದ ಬದಿಯದು ಎಂದು ತೋಟವನ್ನು ಪಟ್ಟಿಗಳಾಗಿ ಭಾಗಿಸಿ, ಪ್ರತಿ ಪಟ್ಟಿಯೊಳಗೂ ಯಾವ ಮರಗಳಿಗೆ ಯಾವ ಮದ್ದು ಎಂಬುದನ್ನು ಚೀಟಿಯಿಂದ ನಿರ್ಧರಿಸಬೇಕು. ಮನುಷ್ಯನ ಕೈಗೆ ಆಯ್ಕೆ ಕೊಟ್ಟರೆ ಅದು ಅರಿವಿಲ್ಲದೆಯೇ ತನ್ನ ಇಷ್ಟದ ಕಡೆಗೆ ವಾಲುತ್ತದೆ. ಚೀಟಿಗೆ ಇಷ್ಟಾನಿಷ್ಟಗಳಿಲ್ಲ.

ಈ ಶಿಸ್ತು ಚಳವಳಿಗಳಿಗೆ ಎಷ್ಟು ಅಗತ್ಯ ಎಂಬುದಕ್ಕೆ ಕಾಸರಗೋಡಿನ ಪಡ್ರೆ ಗ್ರಾಮದ ದುಃಖವೇ ಸಾಕ್ಷಿ. ಅಲ್ಲಿನ ಗೇರುತೋಟಗಳ ಮೇಲೆ ಟೀ ಸೊಳ್ಳೆಯನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಮೊದಲು ಬರೆದವರು ಪತ್ರಕರ್ತ ಶ್ರೀಪಡ್ರೆ. ತಮ್ಮಲ್ಲಿಗೆ ಬರುವ ರೋಗಿಗಳ ಸಂಖ್ಯೆ ಅಸಹಜವೆಂದು ಹೇಳಿದವರು ಊರಿನ ವೈದ್ಯ ಡಾ. ಮೋಹನ್ ಕುಮಾರ್. ವೀಕ್ಷಣೆ ಊರಿನಿಂದಲೇ ಹೊರಟಿತು. ‘ರೋಗಗಳು ಎಲ್ಲ ಊರಿನಲ್ಲಿಯೂ ಇರುತ್ತವೆ’ ಎಂಬ ಉತ್ತರ ಎದುರಿನಿಂದ ಬಂದಿತು. ಈ ಉತ್ತರವನ್ನು ಕೋಪದಿಂದ ಎದುರಿಸಲಾಗುವುದಿಲ್ಲ, ಹೋಲಿಕೆಯಿಂದ ಎದುರಿಸಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮಾಡಿದ್ದು ಅದನ್ನೇ. 20ಕ್ಕೂ ಹೆಚ್ಚು ವರ್ಷ ಸಿಂಪಡಣೆ ನಡೆದ ತೋಟದ ತಪ್ಪಲಿನ ಊರಿನ 117 ಶಾಲಾ ಹುಡುಗರನ್ನು, ಅಂಥ ಸೋಂಕಿಲ್ಲದ 90 ಹುಡುಗರೊಡನೆ ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ತಪ್ಪಲಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಗಣನೀಯವಾಗಿ ಹೆಚ್ಚಿತ್ತು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಪ್ರಾಯಕ್ಕೆ ಬರುವ ಬೆಳವಣಿಗೆ ಹಿಂದುಳಿದಿತ್ತು.

ಅದೇ ಪ್ರಬಂಧದ ಇನ್ನೊಂದು ಅಂಕಿಯನ್ನು ಗಮನಿಸಬೇಕು. ವೃಷಣಗಳು ಕೆಳಗಿಳಿಯುವುದಕ್ಕೆ ಸಂಬಂಧಿಸಿದ ಜನ್ಮಜಾತ ದೋಷಗಳು ಒಂದು ಗುಂಪಿನಲ್ಲಿ ಶೇ. 5.1, ಇನ್ನೊಂದರಲ್ಲಿ ಶೇ. 1.1. ಸುಮಾರು ಐದು ಪಟ್ಟು! ಕರಪತ್ರಕ್ಕೆ ದಪ್ಪಕ್ಷರದಲ್ಲಿ ಹಾಕಲು ಇದಕ್ಕಿಂತ ಒಳ್ಳೆಯ ಅಂಕಿ ಎಲ್ಲಿ ಸಿಗುತ್ತದೆ? ಆದರೆ ಲೇಖಕರು ತಾವೇ, ಈ ವ್ಯತ್ಯಾಸವು ಸಂಖ್ಯಾಶಾಸ್ತ್ರದ ಒರೆಗೆ ನಿಲ್ಲುವುದಿಲ್ಲವೆಂದು ಬರೆದರು. ಎಣಿಸಿ ನೋಡಿದರೆ 117ರಲ್ಲಿ ಆರು ಮಂದಿ, 90ರಲ್ಲಿ ಒಬ್ಬ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಇಂಥ ಅಂತರ ಆಕಸ್ಮಿಕವಾಗಿಯೂ ಬರಬಹುದು. ಗುಂಪು ಸಣ್ಣದು, ಹಲವರು ತಪಾಸಣೆಗೆ ಒಪ್ಪಲಿಲ್ಲ ಎಂಬ ಮಿತಿಗಳನ್ನೂ ಅವರು ಮುಚ್ಚಿಡಲಿಲ್ಲ. ತಮ್ಮ ತೀರ್ಮಾನವನ್ನು ‘ಆಗಿರಬಹುದು’ ಎಂದೇ ಹೇಳಿದರು. ಈ ‘ಬಹುದು’ ಎಂಬುದನ್ನು ಹೇಡಿತನವೆಂದು ಚಳವಳಿಗಾರರು ಭಾವಿಸಿದ್ದುಂಟು, ನಿರ್ದೋಷಿತ್ವದ ಪತ್ರವೆಂದು ತಯಾರಕರು ಭಾವಿಸಿದ್ದುಂಟು. ಎರಡೂ ತಪ್ಪು. ಎಷ್ಟು ಗೊತ್ತಿದೆ ಎಂಬುದನ್ನು ಅಳೆದು ಹೇಳುವುದು ವಿಜ್ಞಾನದ ಕೆಲಸ. ಅಷ್ಟು ಗೊತ್ತಾದ ಮೇಲೆ ಮಕ್ಕಳ ಮೇಲೆ ಅದನ್ನು ಸುರಿಯಬಹುದೇ ಎಂಬುದು ಸಮಾಜ ತೀರ್ಮಾನಿಸಬೇಕಾದ ಬೇರೆಯೇ ಪ್ರಶ್ನೆ, ಅದಕ್ಕೆ ಪೂರ್ಣ ನಿಶ್ಚಯಕ್ಕಾಗಿ ಕಾಯಬೇಕಾಗಿಲ್ಲ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಮುನ್ನೆಚ್ಚರಿಕೆಯ ಆಧಾರದಲ್ಲಿಯೇ ಎಂಡೋಸಲ್ಫಾನನ್ನು ತಡೆಯಿತು.

ಕಂಪನಿಗಳಿಂದ ಹೋಲಿಕೆಯ ಗುಂಪನ್ನು ಕೇಳುವವರು ತಮ್ಮ ಜೀವಾಮೃತಕ್ಕೂ ಕಷಾಯಕ್ಕೂ ಅದನ್ನು ಕೇಳಬೇಕಾಗುತ್ತದೆ. ಈ ಮಾತು ಶಿಬಿರದಲ್ಲಿ ಕೆಲವರಿಗೆ ರುಚಿಸಲಿಕ್ಕಿಲ್ಲ. ಆದರೆ ಅಗತ್ಯ ನಿಜವಾದದ್ದು. ತಾಮ್ರ ಲೋಹ, ಅದು ಮಣ್ಣಿನಲ್ಲಿ ಕೊಳೆತು ಹೋಗುವುದಿಲ್ಲ. ಬೋರ್ಡೋವನ್ನು ತಲೆಮಾರುಗಳಿಂದ ಸಿಂಪಡಿಸಿದ ಯುರೋಪಿನ ದ್ರಾಕ್ಷಿತೋಟಗಳ ಮೇಲ್ಮಣ್ಣಿನಲ್ಲಿ ತಾಮ್ರ ಶೇಖರವಾಗಿ ಎರೆಹುಳುಗಳಿಗೆ ಕುತ್ತಾಗಿದೆ. ಸಾವಯವ ಕೃಷಿಯೂ ಸೇರಿದಂತೆ ಎಲ್ಲರಿಗೂ ಯುರೋಪಿನ ಒಕ್ಕೂಟವು 2018ರಲ್ಲಿ ಹೆಕ್ಟೇರಿಗೆ 7 ವರ್ಷಗಳಲ್ಲಿ 28 ಕಿಲೋ ತಾಮ್ರವೆಂಬ ಮಿತಿ ಹಾಕಿತು. ಮಲೆನಾಡಿನ ಅಡಿಕೆ ತೋಟದ ಬೇರು ಮೇಲ್ಮಣ್ಣಿನಲ್ಲಿಯೇ ಇದೆ, ತೋಟದ ನೀರು ಹಳ್ಳಕ್ಕೆ ಇಳಿಯುತ್ತದೆ. ತಾಮ್ರಕ್ಕೆ ಬದಲಿ ಬೇಕು. ಬೇಕಾಗಿದೆ ಎಂಬ ಕಾರಣಕ್ಕೆ ಕಂಡದ್ದೆಲ್ಲ ಬದಲಿಯಾಗುವುದಿಲ್ಲ. ಸುಳ್ಳು ಬದಲಿಯನ್ನು ನಂಬಿ ಒಂದು ಮಳೆಗಾಲ ಬೋರ್ಡೋ ಬಿಟ್ಟ ಸಣ್ಣ ಹಿಡುವಳಿದಾರನ ವರ್ಷದ ಫಸಲು ನೆಲದಲ್ಲಿರುತ್ತದೆ. ಮರುವರ್ಷ ಅವನು ಮರಳುವುದು ಬೋರ್ಡೋಗಲ್ಲ, ಅಂಗಡಿಯವನು ಕೊಡುವ ಇನ್ನೂ ಉಗ್ರವಾದುದಕ್ಕೆ.

ಆದ್ದರಿಂದ ಈ ಮಳೆಗಾಲದಲ್ಲಿ ಪರೀಕ್ಷೆ ಮಾಡುವವರು ಇಷ್ಟನ್ನು ಪಾಲಿಸಿದರೆ ಸಾಕು. ತೋಟವನ್ನು ಇಳಿಜಾರಿಗೆ ಅಡ್ಡಲಾಗಿ ಪಟ್ಟಿಗಳಾಗಿ ಭಾಗಿಸಿ, ಪ್ರತಿ ಪಟ್ಟಿಯಲ್ಲಿ ಮೂರು ಗುಂಪು ಮಾಡಬೇಕು: ಬೋರ್ಡೋ, ಹೊಸ ದ್ರಾವಣ, ಬರಿಯ ನೀರು. ಬರಿಯ ನೀರಿನ ಗುಂಪಿಗೆ ಮನಸ್ಸು ಒಪ್ಪದಿದ್ದರೆ ಅದನ್ನು ನಾಲ್ಕಾರು ಮರಗಳಿಗೆ ಇಳಿಸಬಹುದು, ಕೈಬಿಡುವಂತಿಲ್ಲ. ಆ ವರ್ಷ ಕೊಳೆ ಬಂದಿತ್ತೇ ಎಂಬುದನ್ನು ಹೇಳುವ ಸಾಕ್ಷಿ ಅದೊಂದೇ. ಆ ನಷ್ಟವನ್ನು ತೋಟದ ಯಜಮಾನನೊಬ್ಬನ ಮೇಲೆ ಹೊರಿಸದೆ ಬಳಗವೇ ಭರಿಸುವುದು ನ್ಯಾಯ. ಒಂದು ಗುಂಪಿನ ಹನಿ ಇನ್ನೊಂದಕ್ಕೆ ಸಿಡಿಯದಂತೆ ನಡುವೆ ಒಂದು ಸಾಲು ಬಿಡಬೇಕು. ಬೋರ್ಡೋವನ್ನು ಸರಿಯಾಗಿ ಮಾಡಬೇಕು: 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವುದು, ಕತ್ತಿಯ ಅಲಗನ್ನು ಅದ್ದಿದಾಗ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಎದುರಾಳಿಯನ್ನು ಬಡಕಲಾಗಿಸಿ ಕುಸ್ತಿ ಗೆದ್ದರೆ ಏನು ಗೆದ್ದಂತೆ? ಉದುರಿದ ಕಾಯಿಗಳನ್ನು ವಾರಕ್ಕೊಮ್ಮೆ ಮರವಾರು ಎಣಿಸಿ ಬರೆಯಬೇಕು. ಎಣಿಸುವವರಿಗೆ ಯಾವ ಮರಕ್ಕೆ ಯಾವ ಮದ್ದೆಂದು ತಿಳಿದಿರಬಾರದು. ಅದು ಕೊನೆಗೌಡನ ಬಳಿಯೂ ಚೀಟಿಯ ಪುಸ್ತಕದಲ್ಲಿಯೂ ಮಾತ್ರ ಇರಲಿ. ಬೂಸಲಿಲ್ಲದೆ ಉದುರಿದ ಕಾಯಿಗಳನ್ನು ಬೇರೆ ಎಣಿಸಬೇಕು, ಏಕೆಂದರೆ ತಿಗಣೆಯಿಂದಲೂ ಕಾಯಿ ಉದುರುತ್ತದೆ. ಮತ್ತು ಎಷ್ಟು ಉದುರಿದರೆ ಹೊಸ ದ್ರಾವಣ ಸೋತಂತೆ ಎಂಬುದನ್ನು ಮೊದಲ ಸಿಂಪಡಣೆಗೆ ಮುನ್ನವೇ ಬರೆದು, ನಾಲ್ಕು ಮಂದಿಯ ಎದುರು ಸಹಿ ಹಾಕಿಡಬೇಕು.

ದೀಪಾವಳಿಯ ನಂತರದ ಸಭೆಗೆ ಎಲ್ಲ ತೋಟಗಳ ಲೆಕ್ಕದ ಪುಸ್ತಕಗಳೂ ಬರಲಿ, ಸೋತವುಗಳ ಲೆಕ್ಕ ಮೊದಲು ಓದುವಂತಾಗಲಿ.